ಸಂತಾನಶಕ್ತಿ ಮರಳಿ ಬರುವುದೇ?

(ಬಾನುಲಿ ಭಾಷಣ)



ಒಂದು ಪ್ರಶ್ನೆಯಿಂದ ಈ ಮಾತನ್ನು ಆರಂಭಿಸುತ್ತೇನೆ. ಪ್ರಶ್ನೆ ನನ್ನದಲ್ಲ. 1992ರ ಬೇಸಿಗೆಯ ಒಂದು ಬೆಳಗ್ಗೆ ನನ್ನನ್ನು ಕಾಣಲು ಬಂದ ರೈತರೊಬ್ಬರದು. ವಯಸ್ಸು ನಲವತ್ತರ ಆಸುಪಾಸು. ಜೊತೆಗೆ ಅವರ ಹೆಂಡತಿ. ಬಾಗಿಲ ಹೊರಗೆ ಬೆಂಚಿನ ಮೇಲೆ ಹದಿನಾಲ್ಕರ ಮಗಳು. ಕುರ್ಚಿಯ ಅಂಚಿನಲ್ಲಿ ಕುಳಿತು, ಹೆಗಲ ಟವಲಿನ ತುದಿಯನ್ನು ಬಹಳ ಹೊತ್ತು ತಿರುಚುತ್ತಿದ್ದು, ಕೊನೆಗೆ ಅವರು ಕೇಳಿದರು: "ಸ್ವಾಮಿ, ಹತ್ತು ವರ್ಷದ ಹಿಂದೆ ಕ್ಯಾಂಪಿನಲ್ಲಿ ಆಪರೇಷನ್ ಮಾಡಿಸ್ಕೊಂಡಿದ್ದೆ. ಆಗ ಹಾಕಿದ ಗಂಟನ್ನ ಈಗ ಬಿಚ್ಚೋಕಾಗ್ತದಾ?"

ಅವರ ಮಗ ಹಿಂದಿನ ಮಳೆಗಾಲದಲ್ಲಿ ಊರ ಕೆರೆಯಲ್ಲಿ ಮುಳುಗಿ ತೀರಿಹೋಗಿದ್ದ. ಹತ್ತು ವರ್ಷದ ಹುಡುಗ. ಅದನ್ನು ಹೇಳಿದ್ದು ಅವರಲ್ಲ, ಅವರ ಹೆಂಡತಿ. ಅದೂ ಒಂದೇ ವಾಕ್ಯದಲ್ಲಿ.

ಇಂತಹ ಪ್ರಶ್ನೆ ನಮ್ಮ ಸಮಾಜದಲ್ಲಿ ಬಹಿರಂಗವಾಗಿ ಕೇಳಿಬರುವುದು ಅಪರೂಪ. ಸಂಕೋಚ ಒಂದು ಕಾರಣ. ಸಾಧ್ಯವೇ ಇಲ್ಲವೆಂಬ ನಂಬಿಕೆ ಇನ್ನೊಂದು. ಇದಕ್ಕೆ ವಿರುದ್ಧವಾಗಿ, ಬಹಳ ಸುಲಭವೆಂದು ತಿಳಿದವರೂ ಇದ್ದಾರೆ. ಎರಡೂ ಸರಿಯಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡ ಗಂಡಸಿನಲ್ಲಿ ಆ ಶಕ್ತಿಯನ್ನು ಮರಳಿ ತರಲು ಯತ್ನಿಸಬಹುದು. ಆ ಯತ್ನ ಹೇಗೆ ನಡೆಯುತ್ತದೆ, ಅನಂತರ ದೇಹ ಹೇಗೆ ಚೇತರಿಸಿಕೊಳ್ಳುತ್ತದೆ, ಎಷ್ಟನ್ನು ನಿರೀಕ್ಷಿಸಬಹುದು, ಎಷ್ಟನ್ನು ನಿರೀಕ್ಷಿಸಬಾರದು ಎಂಬುದನ್ನು ಈ ಹೊತ್ತು ನಿಮ್ಮ ಮುಂದಿಡಲು ಪ್ರಯತ್ನಿಸುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಸಂತಾನ ನಿಯಂತ್ರಣದ ವಿಚಾರ ಕನ್ನಡ ನಾಡಿಗೆ ಹೊಸತಲ್ಲ. ಸರ್ಕಾರವೇ ಮುಂದೆ ನಿಂತು ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯುವ ಕೆಲಸ 1930ರಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆಯಿತು. ಸ್ವತಂತ್ರ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡಿತು. ಗೋಡೆಗೋಡೆಗಳ ಮೇಲೆ ಕೆಂಪು ತ್ರಿಕೋನ ಮೂಡಿತು. 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂಬ ಮಾತು ಮನೆಮಾತಾಯಿತು. 1971ರ ಜುಲೈ ತಿಂಗಳಲ್ಲಿ ಕೇರಳದ ಎರ್ನಾಕುಲಂನ ಒಂದೇ ಬೃಹತ್ ಶಿಬಿರದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಗಂಡಸರಿಗೆ ವ್ಯಾಸೆಕ್ಟಮಿ ನಡೆಯಿತು. ಅನಂತರ ಬಂದದ್ದು ತುರ್ತುಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಎಂಬತ್ತು ಲಕ್ಷಕ್ಕೂ ಮೀರಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಗಂಡಸರವು. ಎಷ್ಟೋ ಕಡೆ ಒಪ್ಪಿಗೆಯೆಂಬುದು ಹೆಸರಿಗೆ ಮಾತ್ರವಿತ್ತು. ಬಲವಂತದ ಆ ನೆನಪು ಜನರ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ಗಂಡಸರು ಈ ಶಸ್ತ್ರಚಿಕಿತ್ಸೆಗೆ ಬೆನ್ನು ತಿರುಗಿಸಿದರು. ಹೊರೆ ಹೆಂಗಸರ ಮೇಲೆ ಬಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದಂಪತಿಗಳಲ್ಲಿ ನೂರಕ್ಕೆ ಸುಮಾರು 38 ಮಂದಿ ಹೆಂಗಸರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರೆ, ಗಂಡಸರ ಶಸ್ತ್ರಚಿಕಿತ್ಸೆಯ ಪಾಲು ನೂರಕ್ಕೆ ಅರ್ಧವೂ ಇಲ್ಲ. ಗಂಡಸರದು ಹೆಂಗಸರದಕ್ಕಿಂತ ಚಿಕ್ಕದು, ಸುಲಭ, ಅಪಾಯ ಕಡಿಮೆ ಎಂಬುದು ಗೊತ್ತಿದ್ದೂ ಹೀಗಾಗಿದೆ.

ಇನ್ನು ನಮ್ಮ ರೈತರು ಹೇಳಿದ 'ಗಂಟಿ'ನ ವಿಷಯಕ್ಕೆ ಬರೋಣ. ಗಂಟು ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುವಂಥದು. ಗಂಡಸಿನ ವೃಷಣಗಳಲ್ಲಿ ವೀರ್ಯಾಣುಗಳು ಹುಟ್ಟುತ್ತವೆ. ಅವು ವೃಷಣದ ಬೆನ್ನಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಭಾಗವನ್ನು ಹೊಕ್ಕು, ಅಲ್ಲಿ ಬಲಿಯುತ್ತವೆ. ಹೊರಗಿನಿಂದ ಬೆರಳಿನ ಒಂದು ಗೆಣ್ಣಿನಷ್ಟು ಕಾಣುವ ಈ ಭಾಗ ವಾಸ್ತವವಾಗಿ ಸುಮಾರು ಇಪ್ಪತ್ತು ಅಡಿ ಉದ್ದದ, ಸುತ್ತಿ ಸುತ್ತಿ ಇಟ್ಟ, ಅತಿ ಸೂಕ್ಷ್ಮವಾದ ಒಂದೇ ಕೊಳವೆ. ಅಲ್ಲಿಂದ ಮುಂದಕ್ಕೆ ಒಂದು ಅಡಿಗೂ ಮೀರಿದ ವೀರ್ಯನಾಳ. ಇದು ತೊಡೆಸಂದಿನ ಮೂಲಕ ಹೊಟ್ಟೆಯೊಳಗೆ ಹೊಕ್ಕು, ಮೂತ್ರಕೋಶದ ಹಿಂಬದಿಯಲ್ಲಿ ಸಾಗಿ ಮೂತ್ರನಾಳವನ್ನು ಸೇರುತ್ತದೆ. ಮುಟ್ಟಿ ನೋಡಿದರೆ ಗಟ್ಟಿ ದಾರದಂತೆ ಬೆರಳಿಗೆ ಸಿಗುವ ಈ ನಾಳದ ಹೊರಗಾತ್ರ ಎರಡು ಮೂರು ಮಿಲಿಮೀಟರು. ಒಳಗಿನ ದಾರಿಯೋ ಅರ್ಧ ಮಿಲಿಮೀಟರಿಗಿಂತ ಕಿರಿದು. ಶಿಬಿರದ ವೈದ್ಯರು ಮಾಡುವುದಿಷ್ಟೆ: ಎರಡೂ ಕಡೆಯ ನಾಳಗಳನ್ನು ಹೊರಗೆಳೆದು, ಚಿಕ್ಕ ತುಂಡೊಂದನ್ನು ಕತ್ತರಿಸಿ ತೆಗೆದು, ತುದಿಗಳನ್ನು ಕಟ್ಟುತ್ತಾರೆ ಅಥವಾ ಸುಟ್ಟು ಮುಚ್ಚುತ್ತಾರೆ. ಆದ್ದರಿಂದ ಮುಂದೆ ಬಿಚ್ಚುವುದಕ್ಕೆ ಗಂಟೆಂಬುದು ಇರುವುದಿಲ್ಲ. ಇರುವುದು ಕಡಿದುಹೋದ ದಾರಿಯ ಎರಡು ತುದಿಗಳು. ಅವುಗಳನ್ನು ಹುಡುಕಿ, ಗಾಯಗಟ್ಟಿದ ಭಾಗವನ್ನು ತೆಗೆದುಹಾಕಿ, ಬಾಯಿಗೆ ಬಾಯಿ ಹೊಂದಿಸಿ ಹೊಲಿಯಬೇಕು. ಕತ್ತರಿಸುವುದು ಕಾಲು ಗಂಟೆಯ ಕೆಲಸವಾದರೆ ಕೂಡಿಸುವುದು ಎರಡು ಮೂರು ಗಂಟೆಗಳ ಕೆಲಸ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ವ್ಯಾಸೆಕ್ಟಮಿಯಿಂದ ಗಂಡಸುತನ ಹೋಗುತ್ತದೆ, ಶಕ್ತಿ ಕುಂದುತ್ತದೆ ಎಂದು ನಂಬುವವರು ಇಂದಿಗೂ ಇದ್ದಾರೆ. ಪುರುಷ ಲಕ್ಷಣಗಳಿಗೆ ಕಾರಣವಾದ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆಯೇ ಹೊರತು ಈ ನಾಳದ ಮೂಲಕ ಹರಿಯುವುದಿಲ್ಲ. ಹೊರಬರುವ ವೀರ್ಯದಲ್ಲಿಯೂ ವೀರ್ಯಾಣುಗಳ ಪಾಲು ನೂರರಲ್ಲಿ ನಾಲ್ಕೈದನ್ನು ದಾಟುವುದಿಲ್ಲ. ಮಿಕ್ಕದ್ದು ಬೇರೆ ಗ್ರಂಥಿಗಳ ದ್ರವ. ಹಾಗಾಗಿ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರುವುದಿಲ್ಲ. ನಾಳ ಕಡಿದ ಮೇಲೂ ವೃಷಣ ವೀರ್ಯಾಣುಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಹೊರಗೆ ಹೋಗಲಾರದ ಅವುಗಳನ್ನು ದೇಹ ಒಳಗೊಳಗೇ ಕರಗಿಸಿಕೊಳ್ಳುತ್ತದೆ. ಮರುಜೋಡಣೆ ಸಾಧ್ಯವಾಗುವುದು ಈ ಕಾರಣದಿಂದಲೇ: ಕಾರ್ಖಾನೆ ನಿಂತಿಲ್ಲ, ರಸ್ತೆ ಮಾತ್ರ ಕಡಿದಿದೆ.

ಆದರೆ ರಸ್ತೆ ಕಡಿದು ವರ್ಷಗಳಾದಂತೆ ಬೇರೆ ಕೆಲವು ಬದಲಾವಣೆಗಳಾಗುತ್ತವೆ. ಕಟ್ಟೆ ಹಾಕಿದ ಕಾಲುವೆಯಲ್ಲಿ ನೀರು ಒತ್ತುವಂತೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಎಪಿಡಿಡಿಮಿಸ್ಸಿನ ಸೂಕ್ಷ್ಮ ಕೊಳವೆ ಎಲ್ಲಿಯಾದರೂ ಒಡೆದು, ಅಲ್ಲಿಯೇ ಗಾಯಗಟ್ಟಿ, ಎರಡನೆಯದೊಂದು ತಡೆ ಹುಟ್ಟಬಹುದು. ಹೊರಗಿನ ತಡೆಯನ್ನು ಸರಿಪಡಿಸಿದರೂ ಒಳಗಿನದು ಹಾಗೆಯೇ ಉಳಿಯುತ್ತದೆ. ಇದರ ಜೊತೆಗೆ, ಅನೇಕರಲ್ಲಿ ದೇಹ ತನ್ನದೇ ವೀರ್ಯಾಣುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಳ್ಳುತ್ತದೆ. ಇವು ಕೆಲವೊಮ್ಮೆ ವೀರ್ಯಾಣುಗಳ ಚಲನೆಗೆ ಅಡ್ಡಿಯಾಗಬಹುದು. ಆದ್ದರಿಂದ ಈ ವಿಷಯದಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ, 'ಆಪರೇಷನ್ ಆಗಿ ಎಷ್ಟು ವರ್ಷವಾಯಿತು?' ಎಂಬುದು.

ಈ ಪ್ರಶ್ನೆಗೆ ಸಂಬಂಧಿಸಿದ ಒಳ್ಳೆಯ ಲೆಕ್ಕವೊಂದು ನಮ್ಮಲ್ಲಿದೆ. ಅಮೆರಿಕದ ಹಲವು ಶಸ್ತ್ರವೈದ್ಯರು ಸೇರಿ, ಸೂಕ್ಷ್ಮದರ್ಶಕದ ನೆರವಿನಿಂದ ಮರುಜೋಡಣೆ ಮಾಡಿಸಿಕೊಂಡ 1,469 ಗಂಡಸರ ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಿದರು. ವ್ಯಾಸೆಕ್ಟಮಿ ಆಗಿ ಮೂರು ವರ್ಷದೊಳಗಿದ್ದವರಲ್ಲಿ ನೂರಕ್ಕೆ 97 ಮಂದಿಯ ವೀರ್ಯದಲ್ಲಿ ವೀರ್ಯಾಣುಗಳು ಮತ್ತೆ ಕಾಣಿಸಿಕೊಂಡವು. ಗರ್ಭ ನಿಂತದ್ದು ನೂರಕ್ಕೆ 76 ದಂಪತಿಗಳಲ್ಲಿ. ಮೂರರಿಂದ ಎಂಟು ವರ್ಷಗಳ ಅಂತರವಿದ್ದವರಲ್ಲಿ ಈ ಅಂಕಿಗಳು 88 ಮತ್ತು 53. ಒಂಬತ್ತರಿಂದ ಹದಿನಾಲ್ಕು ವರ್ಷಗಳಾಗಿದ್ದರೆ 79 ಮತ್ತು 44. ಹದಿನೈದು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟರೆ 71 ಮತ್ತು 30. ಶ್ರೋತೃಗಳು ದಯವಿಟ್ಟು ಈ ಜೋಡಿ ಅಂಕಿಗಳ ನಡುವಣ ಅಂತರವನ್ನು ಗಮನಿಸಬೇಕು. ದಾರಿ ತೆರೆಯುವುದು ಒಂದು, ತೊಟ್ಟಿಲು ಕಟ್ಟುವುದು ಇನ್ನೊಂದು. ಶಸ್ತ್ರವೈದ್ಯ ಭರವಸೆ ಕೊಡಬಹುದಾದರೆ ಮೊದಲನೆಯದರ ಬಗ್ಗೆ, ಅದೂ ಒಂದು ಮಟ್ಟಕ್ಕೆ. ಎರಡನೆಯದರ ಬಗ್ಗೆ ಮಾತು ಕೊಡುವ ವೈದ್ಯನ ಬಳಿಯಿಂದ ಎದ್ದು ಬರುವುದು ಲೇಸು.

ಎರಡನೆಯದು ಗಂಡಸೊಬ್ಬನ ಸಂಗತಿಯಲ್ಲ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ. ಹೆಂಡತಿಯ ವಯಸ್ಸು ಇಲ್ಲಿ ಬಹಳ ಮುಖ್ಯವಾದ ಅಂಶ. ಮೂವತ್ತೈದರ ಅನಂತರ ಹೆಣ್ಣಿನ ಗರ್ಭಧಾರಣೆಯ ಸಾಮರ್ಥ್ಯ ವೇಗವಾಗಿ ಇಳಿಯುತ್ತದೆ. ನಲವತ್ತರ ಹೊತ್ತಿಗೆ ಬಹಳವೇ ಇಳಿದಿರುತ್ತದೆ. ಆದುದರಿಂದ ಗಂಡನಿಗೆ ಕತ್ತಿ ಮುಟ್ಟಿಸುವ ಮೊದಲೇ ಹೆಂಡತಿಯನ್ನು ಸ್ತ್ರೀರೋಗ ತಜ್ಞರು ಪರೀಕ್ಷಿಸಬೇಕು. ಪರೀಕ್ಷೆಗಿಂತಲೂ ಮೊದಲು ಆಕೆಯನ್ನು ಕೇಳಬೇಕು: 'ನಿಮಗೆ ಇನ್ನೊಂದು ಮಗು ಬೇಕೇ ಅಮ್ಮಾ?' ಎಂದು. ಗಂಡ, ಅತ್ತೆ, ಮಾವ, ಊರ ಹಿರಿಯರು ಎಲ್ಲರೂ ನಿರ್ಧರಿಸಿ ಕರೆತಂದ ಎಷ್ಟೋ ಹೆಂಗಸರು ಈ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಿಸಿಕೊಳ್ಳುವುದು ವೈದ್ಯರ ಕೋಣೆಯಲ್ಲಿ.

ಈ ಚಿಕಿತ್ಸೆಯನ್ನು ಬಯಸಿ ಬರುವವರು ಯಾರು? ಪಶ್ಚಿಮ ದೇಶಗಳಲ್ಲಿ ಹೆಚ್ಚಿನವರು ವಿಚ್ಛೇದನದ ಬಳಿಕ ಮರುಮದುವೆಯಾದವರು. ನಮ್ಮಲ್ಲಿಯೂ ಅಂಥವರಿದ್ದಾರೆ, ಆದರೆ ನಾನು ಕಂಡಂತೆ ಮಗುವನ್ನು ಕಳೆದುಕೊಂಡವರೇ ಹೆಚ್ಚು. ಇಬ್ಬರು ಮಕ್ಕಳು ಸಾಕೆಂದು ನಿರ್ಧರಿಸುವಾಗ ಆ ಇಬ್ಬರೂ ಬದುಕುತ್ತಾರೆ ಎಂಬುದೊಂದು ಮಾತಿಲ್ಲದ ನಂಬಿಕೆ. ಆ ನಂಬಿಕೆ ಮುರಿದಾಗ ಮನುಷ್ಯ ವೈದ್ಯರ ಬಾಗಿಲಿಗೆ ಬರುತ್ತಾನೆ. 2004ರ ಡಿಸೆಂಬರಿನ ಸುನಾಮಿಯಲ್ಲಿ ತಮಿಳುನಾಡಿನ ಕರಾವಳಿಯ ಅಸಂಖ್ಯ ಮಕ್ಕಳು ಕೊಚ್ಚಿಹೋದಾಗ, ಸಂತಾನಹರಣ ಮಾಡಿಸಿಕೊಂಡಿದ್ದ ತಂದೆತಾಯಿಗಳಿಗೆ ಮರುಜೋಡಣೆಯ ಸೌಲಭ್ಯವನ್ನು ಅಲ್ಲಿನ ಸರ್ಕಾರ ಒದಗಿಸಿತು. ಅವರಲ್ಲಿ ಬಹುಪಾಲು ಹೆಂಗಸರು. 2008ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಭೂಕಂಪದಲ್ಲಿ ಶಾಲೆಗಳು ಕುಸಿದು ಒಂದೊಂದೇ ಮಗುವಿದ್ದ ಮನೆಗಳು ಬರಿದಾದಾಗ ಅಲ್ಲಿಗೂ ಇದೇ ಕೆಲಸಕ್ಕೆ ವೈದ್ಯರ ತಂಡಗಳು ಹೋದವು. ಶಸ್ತ್ರಚಿಕಿತ್ಸೆಯ ಕೋಣೆ ಇಂಥ ಸಂದರ್ಭಗಳಲ್ಲಿ ಎಷ್ಟು ದೊಡ್ಡ ದುಃಖವನ್ನು ಎಷ್ಟು ಸಣ್ಣ ದಾರದಿಂದ ಹೊಲಿಯಲು ಹೊರಡುತ್ತದೆಯಲ್ಲವೇ?

ದಾರದ ಮಾತು ಬಂದದ್ದರಿಂದ ಅದನ್ನೇ ಹೇಳಿಬಿಡುತ್ತೇನೆ. ಕಡಿದ ವೀರ್ಯನಾಳವನ್ನು ಕೂಡಿಸುವ ಯತ್ನ ಅಮೆರಿಕದಲ್ಲಿ 1919ರಷ್ಟು ಹಿಂದೆಯೇ ನಡೆದಿತ್ತು. ನಮ್ಮ ದೇಶದಲ್ಲಿ ಮುಂಬಯಿಯ ಡಾ. ಫಡ್ಕೆಯವರು ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರು. ಅವರ ಅನುಭವದ ವರದಿ 1967ರಲ್ಲಿ ಅಂತರರಾಷ್ಟ್ರೀಯ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಬರಿಗಣ್ಣಿನಿಂದಲೋ ಸಾಧಾರಣ ಭೂತಕನ್ನಡಿಯಿಂದಲೋ ನೋಡಿ ಹೊಲಿಯುತ್ತಿದ್ದರು. 1970ರ ದಶಕದಲ್ಲಿ ಅಮೆರಿಕದ ಶೆರ್ಮನ್ ಸಿಲ್ಬರ್ ಮತ್ತು ಆಸ್ಟ್ರೇಲಿಯದ ಅರ್ಲ್ ಓವನ್ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕವನ್ನು ಈ ಕೆಲಸಕ್ಕೆ ತಂದರು. ನಾಳವನ್ನು ಹತ್ತು ಇಪ್ಪತ್ತು ಪಟ್ಟು ಹಿಗ್ಗಿಸಿ ನೋಡುತ್ತ, ತಲೆಗೂದಲಿಗಿಂತಲೂ ಎಷ್ಟೋ ಪಾಲು ತೆಳುವಾದ ನೈಲಾನ್ ಎಳೆಯಿಂದ ಮೊದಲು ಒಳಪದರವನ್ನೂ ಬಳಿಕ ಹೊರಪದರವನ್ನೂ ಬೇರೆ ಬೇರೆಯಾಗಿ ಹೊಲಿಯುವ ಕ್ರಮ ಬಂದಿತು. ಆ ಎಳೆ ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಕೆಳಗೆ ಬಿದ್ದರೆ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಕೈ ನಡುಗಬಾರದು, ಉಸಿರೂ ಹದದಲ್ಲಿರಬೇಕು. ಇಂಥ ತರಬೇತಿ ಪಡೆದವರು ಮಾಡಿದ ಕೆಲಸಕ್ಕೂ ಹಾಗಲ್ಲದ ಕೆಲಸಕ್ಕೂ ಫಲದಲ್ಲಿ ಅಂತರವಿದೆ. ಆದುದರಿಂದ ಎಲ್ಲಿ ಮಾಡಿಸಬೇಕೆಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಮೂತ್ರಾಂಗ ಶಸ್ತ್ರಚಿಕಿತ್ಸಾ ವಿಭಾಗವುಳ್ಳ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಸೂಕ್ಷ್ಮದರ್ಶಕವಿದೆಯೇ, ಇಂಥ ಶಸ್ತ್ರಚಿಕಿತ್ಸೆಗಳನ್ನು ಎಷ್ಟು ಮಾಡಿದ್ದೀರಿ ಎಂದು ಸಂಕೋಚವಿಲ್ಲದೆ ಕೇಳಿ.

ಶಸ್ತ್ರಚಿಕಿತ್ಸೆಯ ದಿನ ಏನಾಗುತ್ತದೆ? ರೋಗಿಗೆ ಪೂರ್ಣ ಅರಿವಳಿಕೆಯನ್ನೋ, ಬೆನ್ನುಹುರಿಯ ಬಳಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆಯನ್ನೋ ಕೊಡುತ್ತಾರೆ. ವೃಷಣಚೀಲದ ಮೇಲೆ ಚಿಕ್ಕ ಗಾಯ ಮಾಡಿ ನಾಳದ ತುದಿಗಳನ್ನು ಹುಡುಕುತ್ತಾರೆ. ವೃಷಣದ ಕಡೆಯ ತುದಿಯನ್ನು ಕತ್ತರಿಸಿದಾಗ ಒಸರುವ ದ್ರವದ ಒಂದು ಹನಿಯನ್ನು ಗಾಜಿನ ಮೇಲೆ ಹಚ್ಚಿ ಅಲ್ಲಿಯೇ ಪರೀಕ್ಷಿಸುತ್ತಾರೆ. ಇಡೀ ಶಸ್ತ್ರಚಿಕಿತ್ಸೆಯ ಭವಿಷ್ಯ ಆ ಒಂದು ಹನಿಯಲ್ಲಿದೆ ಎನ್ನಬಹುದು. ತಿಳಿಯಾದ ದ್ರವ, ಅದರಲ್ಲಿ ವೀರ್ಯಾಣುಗಳು ಕಂಡರೆ ಶುಭ; ನಾಳಕ್ಕೆ ನಾಳ ಸೇರಿಸಿದರೆ ಸಾಕು. ದ್ರವ ಗಟ್ಟಿಯಾಗಿ ಕೆನೆಯಂತಿದ್ದು ವೀರ್ಯಾಣುಗಳ ಸುಳಿವಿಲ್ಲದಿದ್ದರೆ, ನಾನು ಆಗಲೇ ಹೇಳಿದ ಎರಡನೆಯ ತಡೆ ಎಪಿಡಿಡಿಮಿಸ್ಸಿನಲ್ಲಿದೆ ಎಂದು ಊಹಿಸಬೇಕು. ಆಗ ಆ ತಡೆಯನ್ನು ಬಳಸಿಕೊಂಡು ನಾಳವನ್ನು ನೇರವಾಗಿ ಎಪಿಡಿಡಿಮಿಸ್ಸಿನ ಕೊಳವೆಗೇ ಜೋಡಿಸಬೇಕಾಗುತ್ತದೆ. ಅದು ಇನ್ನೂ ನಾಜೂಕಿನ ಕೆಲಸ. ಫಲವೂ ಅಷ್ಟು ಚೆನ್ನಾಗಿರುವುದಿಲ್ಲ. ಇವೆರಡರಲ್ಲಿ ಯಾವುದು ಬೇಕಾದೀತೆಂಬುದು ಮೇಜಿನ ಮೇಲೆಯೇ ತಿಳಿಯಬೇಕು. ಮೊದಲೇ ಖಚಿತವಾಗಿ ಹೇಳಲಾಗದು.

ಇನ್ನು ಚೇತರಿಕೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಎಷ್ಟೋ ಸಲ ಶಸ್ತ್ರವೈದ್ಯ ಮೂರು ಗಂಟೆ ದುಡಿದು ಕೂಡಿಸಿದ್ದನ್ನು ರೋಗಿ ಮೂರು ದಿನದ ಆತುರದಲ್ಲಿ ಕೆಡಿಸಿಕೊಳ್ಳುವುದುಂಟು.

ರೋಗಿ ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. ಮೊದಲ ಎರಡು ಮೂರು ದಿನ ನೋವಿರುತ್ತದೆ. ಸಾಧಾರಣ ನೋವುನಿವಾರಕ ಗುಳಿಗೆಗಳಿಂದ ಅದು ತಗ್ಗುತ್ತದೆ. ವೃಷಣಚೀಲ ಸ್ವಲ್ಪ ಊದಿ, ಚರ್ಮ ನೀಲಿಗಟ್ಟಬಹುದು. ಇದನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಒಂದೆರಡು ವಾರದಲ್ಲಿ ಬಣ್ಣ ಮಾಸುತ್ತದೆ. ಮೊದಲ ಎರಡು ದಿನ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಬಿಟ್ಟು ಬಿಟ್ಟು ಇಟ್ಟುಕೊಂಡರೆ ಊತ ಇಳಿಯುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಈ ದಿನಗಳಲ್ಲಿ ಆದಷ್ಟು ಮಲಗಿ ವಿಶ್ರಾಂತಿ ಪಡೆಯುವುದೇ ಔಷಧ. ಗಾಯ ಒಣಗುವವರೆಗೆ ಸ್ನಾನದ ವಿಷಯದಲ್ಲಿ ವೈದ್ಯರ ಸಲಹೆಯಂತೆ ನಡೆಯಬೇಕು. ಕೆರೆ, ಹೊಳೆಗಳಲ್ಲಿ ಮುಳುಗುವುದು ಬೇಡ.

ವೃಷಣಚೀಲಕ್ಕೆ ಕೆಳಗಿನಿಂದ ಆಧಾರ ಕೊಡುವುದು ಬಹಳ ಮುಖ್ಯ. ಹೊಸ ಹೊಲಿಗೆಯ ಮೇಲೆ ಎಳೆತ ಬೀಳಬಾರದು. ಇದಕ್ಕೆಂದೇ ಅಂಗಡಿಗಳಲ್ಲಿ ಪಟ್ಟಿಗಳು ಸಿಗುತ್ತವೆ. ಆದರೆ ನಮ್ಮ ಗರಡಿಮನೆಯ ಪೈಲ್ವಾನರು ಕಂಡುಕೊಂಡಿದ್ದ ಲಂಗೋಟಿಯ ಉದ್ದೇಶವೂ ಇದೇ ಅಲ್ಲವೇ? ಶುಭ್ರವಾದ, ಮೆತ್ತನೆಯ, ಬಿಗಿ ಹೆಚ್ಚಾಗದ ಲಂಗೋಟಿಯೇ ಆಗಬಹುದು, ಅಂಟಿ ನಿಲ್ಲುವ ಒಳಚಡ್ಡಿಯೇ ಆಗಬಹುದು. ಹಗಲೂ ರಾತ್ರಿ ಕೆಲವು ವಾರಗಳವರೆಗೆ ಧರಿಸಬೇಕು.

ಕುಳಿತು ಮಾಡುವ ಕೆಲಸದವರು ಒಂದು ವಾರದ ಹೊತ್ತಿಗೆ ಕಚೇರಿಗೆ ಹೋಗಬಹುದು. ಮೈಮುರಿದು ದುಡಿಯುವವರು ಮೂರು ನಾಲ್ಕು ವಾರ ಕಾಯಲೇಬೇಕು. ಮೂಟೆ ಹೊರುವುದು, ನೇಗಿಲು ಹಿಡಿಯುವುದು, ಸೌದೆ ಒಡೆಯುವುದು, ಸೈಕಲ್ ತುಳಿಯುವುದು, ಹಳ್ಳಿಯ ರಸ್ತೆಗಳಲ್ಲಿ ಮೋಟಾರುಬೈಕಿನ ಮೇಲೆ ಕುಲುಕಾಡುವುದು ಇವೆಲ್ಲ ನಿಷಿದ್ಧ. ಕೂಲಿಯವನಿಗೆ ಒಂದು ತಿಂಗಳ ದುಡಿಮೆ ಬಿಡುವುದೆಂದರೆ ಏನೆಂದು ನಾನು ಬಲ್ಲೆ. ಆದ್ದರಿಂದಲೇ ಬಿತ್ತನೆ, ಕಟಾವುಗಳ ಕಾಲವನ್ನು ನೋಡಿಕೊಂಡು ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಪಡಿಸಿಕೊಳ್ಳುವುದು ವಿವೇಕ. ನಾಳದ ಜೋಡಣೆಗೆ ಪಂಚಾಂಗದ ಮುಹೂರ್ತಕ್ಕಿಂತ ಬೇಸಾಯದ ಬಿಡುವು ಮುಖ್ಯ.

ಗಂಡಹೆಂಡಿರ ಕೂಟವನ್ನೂ ಮೂರು ನಾಲ್ಕು ವಾರ ತಡೆಹಿಡಿಯಬೇಕು. ಸ್ಖಲನದ ಹೊತ್ತಿನಲ್ಲಿ ನಾಳ ಬಲವಾಗಿ ಹಿಂಡಿಕೊಳ್ಳುತ್ತದೆ. ಮಾಗದ ಹೊಲಿಗೆ ಅದನ್ನು ತಾಳಲಾರದು. ಎಪಿಡಿಡಿಮಿಸ್ಸಿಗೆ ಜೋಡಿಸಿದ್ದರೆ ಈ ಅವಧಿ ಇನ್ನೂ ಸ್ವಲ್ಪ ಉದ್ದವಾಗಬಹುದು. ಮಗುವಿಗಾಗಿ ಹಂಬಲಿಸಿ ಬಂದವರಿಗೆ ಇದು ವಿಚಿತ್ರವಾದ ಪಥ್ಯವೆನಿಸುತ್ತದೆ. ಆದರೂ ಪಾಲಿಸಬೇಕು.

ಯಾವಾಗ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು? ಊತ ಇಳಿಯುವ ಬದಲು ದಿನದಿನಕ್ಕೆ ಏರಿ ಕಿತ್ತಳೆಹಣ್ಣಿನ ಗಾತ್ರಕ್ಕೆ ಬಂದರೆ, ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ, ಗುಳಿಗೆಗೂ ಬಗ್ಗದ ನೋವಿದ್ದರೆ. ರಕ್ತ ಹೆಪ್ಪುಗಟ್ಟುವುದು, ಸೋಂಕು ತಗಲುವುದು ಇವೇ ಇಲ್ಲಿನ ಮುಖ್ಯ ತೊಂದರೆಗಳು. ಇವು ಹೆಚ್ಚಾಗಿ ಬರುವುದಿಲ್ಲ, ಬಂದರೆ ಅಲಕ್ಷಿಸಬಾರದು.

ದೇಹದ ಗಾಯ ಒಂದು ತಿಂಗಳಿಗೆ ಮಾಗುತ್ತದೆ. ಆದರೆ ಕಾಯುವಿಕೆ ಅಲ್ಲಿಂದಲೇ ಆರಂಭ. ಆರು ವಾರ, ಇಲ್ಲವೇ ಎರಡು ಮೂರು ತಿಂಗಳಾದ ಮೇಲೆ ಮೊದಲ ವೀರ್ಯಪರೀಕ್ಷೆ. ಒಂದು ವೀರ್ಯಾಣು ಹುಟ್ಟಿ ಬೆಳೆಯಲು ಎರಡು ತಿಂಗಳಿಗೂ ಮೀರಿದ ಕಾಲ ಬೇಕೆಂಬುದನ್ನು ನೆನಪಿಡಿ. ಮೊದಲ ಪರೀಕ್ಷೆಯಲ್ಲಿ ಸಂಖ್ಯೆ ಕಡಿಮೆಯಿರಬಹುದು, ಚಲನೆ ಮಂದವಾಗಿರಬಹುದು. ಕೆಲವು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಎಪಿಡಿಡಿಮಿಸ್ಸಿಗೆ ಜೋಡಿಸಿದವರಲ್ಲಿ ವೀರ್ಯಾಣುಗಳು ಕಾಣಿಸಿಕೊಳ್ಳಲು ಆರು ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಮೇಲ್ಪಟ್ಟು ಹಿಡಿಯಬಹುದು. ಗರ್ಭ ನಿಲ್ಲುವವರಲ್ಲಿಯೂ ಅದು ಸಾಮಾನ್ಯವಾಗಿ ಒಂದು ವರ್ಷದ ಆಚೀಚೆಯ ಮಾತು. ಇನ್ನೂ ಒಂದು ಕಹಿ ಸಂಗತಿ: ತೆರೆದ ದಾರಿ ಗಾಯಗಟ್ಟಿ ಮತ್ತೆ ಮುಚ್ಚಿಕೊಳ್ಳುವುದೂ ಕೆಲವರಲ್ಲಿ ಉಂಟು. ಅದಕ್ಕೆಂದೇ, ಅನುಕೂಲವಿರುವ ಕಡೆ ಶಸ್ತ್ರಚಿಕಿತ್ಸೆಯ ಸಮಯದಲ್ಲಿಯೇ ಅಥವಾ ಮೊದಲ ಪರೀಕ್ಷೆಗಳಲ್ಲಿ ಸಿಕ್ಕ ವೀರ್ಯಾಣುಗಳನ್ನು ಶೈತ್ಯದಲ್ಲಿ ಕಾದಿರಿಸುವ ಏರ್ಪಾಟಿದೆ.

ಯತ್ನ ಫಲಿಸದಿದ್ದರೆ? ಇಂದು ಬೇರೆ ದಾರಿಗಳಿವೆ. ವೃಷಣದಿಂದಲೋ ಎಪಿಡಿಡಿಮಿಸ್ಸಿನಿಂದಲೋ ಸೂಜಿಯ ಮೂಲಕ ವೀರ್ಯಾಣುವನ್ನು ಪಡೆದು, ಪ್ರಯೋಗಶಾಲೆಯಲ್ಲಿ ಒಂದೇ ವೀರ್ಯಾಣುವನ್ನು ಒಂದು ಅಂಡದೊಳಗೆ ಸೇರಿಸುವ ವಿಧಾನ ಅಂಥದೊಂದು. ಒಂದೇ ವೀರ್ಯಾಣುವನ್ನು ಹೀಗೆ ಅಂಡದೊಳಗೆ ಸೇರಿಸಿ ಗರ್ಭ ನಿಂತ ವರದಿ ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಿಂದ 1992ರಲ್ಲಿ ಬಂದಿತು. ಈಗ ಅದು ನಮ್ಮ ನಗರಗಳಲ್ಲಿಯೂ ನಡೆಯುತ್ತದೆ. ಹೆಂಡತಿಯ ವಯಸ್ಸು ಹೆಚ್ಚಾಗಿದ್ದರೆ ಅಥವಾ ಆಕೆಗೇ ಬೇರೆ ತೊಂದರೆಯಿದ್ದರೆ ಮರುಜೋಡಣೆಗಿಂತ ಇದೇ ಮೇಲೆಂದು ವೈದ್ಯರು ಹೇಳಬಹುದು. ಆದರೆ ಇದಕ್ಕೆ ಹಣ ಬಹಳ ಬೇಕು. ಚುಚ್ಚುಮದ್ದುಗಳ ಶ್ರಮವೆಲ್ಲ ಹೆಂಡತಿಯದು. ಇಲ್ಲಿಯೂ ಫಲ ಖಚಿತವಲ್ಲ. ಮರುಜೋಡಣೆಯಲ್ಲಿ ಫಲ ದೊರೆತರೆ ದಂಪತಿಗಳು ಯಾರ ಹಂಗೂ ಇಲ್ಲದೆ ತಮ್ಮ ಪಾಡಿಗೆ ತಾವು ಸಂತಾನ ಪಡೆಯಬಹುದು ಎಂಬುದು ಅದರ ಗುಣ.

ಇಷ್ಟೆಲ್ಲ ಹೇಳಿದ ಮೇಲೆ ಎರಡು ಮಾತುಗಳನ್ನು ಸೇರಿಸಬೇಕು. ಮೊದಲನೆಯದು, ಮರುಜೋಡಣೆ ಉಂಟೆಂಬ ಧೈರ್ಯದಿಂದ ಯಾರೂ ವ್ಯಾಸೆಕ್ಟಮಿಗೆ ಒಪ್ಪಬಾರದು, ಯಾರನ್ನೂ ಒಪ್ಪಿಸಬಾರದು. ಅದನ್ನು ಶಾಶ್ವತವೆಂದೇ ತಿಳಿದು, ಗಂಡಹೆಂಡಿರಿಬ್ಬರೂ ಕೂಡಿ ಯೋಚಿಸಿ, ಸ್ವಂತ ಇಚ್ಛೆಯಿಂದ ನಿರ್ಧರಿಸಬೇಕು. ಹಾಗೆ ನಿರ್ಧರಿಸಿದವರಿಗೆ ಅದರಷ್ಟು ಸರಳವೂ ಕ್ಷೇಮವೂ ಆದ ಶಾಶ್ವತ ಉಪಾಯ ಇನ್ನೊಂದಿಲ್ಲ. ಎರಡನೆಯದು ವೈದ್ಯಶಾಸ್ತ್ರದ ಮಾತಲ್ಲ. ತೀರಿಹೋದ ಮಗುವಿನ ಜಾಗದಲ್ಲಿ ಇನ್ನೊಂದು ಮಗು ಬರುವುದಿಲ್ಲ. ಬರುವುದು ಬೇರೆಯೇ ಒಂದು ಮಗು. ಈ ವ್ಯತ್ಯಾಸವನ್ನು ಮನಸ್ಸು ಒಪ್ಪಿದ ಮೇಲೆ ಚಿಕಿತ್ಸೆಗೆ ಬರುವುದು ಒಳ್ಳೆಯದು. ದುಃಖ ಹಸಿಯಾಗಿರುವಾಗ ಆತುರದ ನಿರ್ಧಾರ ಸಲ್ಲದು. ಆದರೆ ಹೆಂಡತಿಯ ವಯಸ್ಸು ಹೆಚ್ಚು ಕಾಯಲೂ ಬಿಡುವುದಿಲ್ಲ. ಈ ಇಕ್ಕಟ್ಟಿನಲ್ಲಿ ವೈದ್ಯ ಅವಸರಪಡಿಸದೆ, ನಿರಾಸೆಗೊಳಿಸದೆ ಜೊತೆಗೆ ಕುಳಿತು ಮಾತನಾಡಬೇಕು.

ಆ ರೈತರ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಅಂಕಿಗಳನ್ನು ಅವರಿಗೂ ಹೇಳಿದೆ. ನೂರಕ್ಕೆ ನಲವತ್ತನಾಲ್ಕು ಎಂದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, "ಮಳೆಗಿಂತ ಪರವಾಗಿಲ್ಲ ಬಿಡಿ ಸ್ವಾಮಿ" ಎಂದರು. ಹೆಂಡತಿಗೆ ಮೂವತ್ತನಾಲ್ಕು. ಆಕೆಯನ್ನು ಬೇರೆಯಾಗಿ ಕೇಳಿದೆ. "ಬೇಕು ಅಂತ ಅವರಿಗೆ ಅನ್ನಿಸ್ತದೆ. ನಂಗೆ ಅವನೇ ಬೇಕು ಅನ್ನಿಸ್ತದೆ" ಎಂದರು. ಆದರೂ ಒಂದು ತಿಂಗಳ ಬಳಿಕ ಇಬ್ಬರೂ ಯೋಚಿಸಿಯೇ ಬಂದರು. ಶಸ್ತ್ರಚಿಕಿತ್ಸೆ ಆಯಿತು. ಮೂರನೆಯ ತಿಂಗಳ ಪರೀಕ್ಷೆಯಲ್ಲಿ ವೀರ್ಯಾಣುಗಳು ಕಂಡವು. ಸೂಕ್ಷ್ಮದರ್ಶಕದೊಳಗೆ ಅವರಿಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, ಏನೂ ಹೇಳದೆ ಎದ್ದರು. ನಮ್ಮ ಲೆಕ್ಕದಲ್ಲಿ ಅದು ಯಶಸ್ಸು. ಆದರೆ ಗರ್ಭ ನಿಲ್ಲಲಿಲ್ಲ. ಒಂದು ವರ್ಷ ಬಂದು ಹೋದರು. ಅನಂತರ ಬರುವುದು ನಿಂತಿತು.

1994ರ ಜೂನಿನಲ್ಲಿ ಒಂದು ದಿನ ಮತ್ತೆ ಬಂದರು. ಪರೀಕ್ಷೆಗಲ್ಲ. ಮಗಳು ಹತ್ತನೆಯ ತರಗತಿಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾಗಿದ್ದಳು. ಮೊದಲ ದಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಹುಡುಗಿ ಈ ಸಲ ಒಳಗೆ ಬಂದು ನನ್ನೆದುರಿನ ಕುರ್ಚಿಯಲ್ಲಿ ಕುಳಿತಳು. ತಂದೆ ಅಂಕಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದರು: "ಇವಳನ್ನ ಮುಂದಕ್ಕೆ ಏನು ಓದಿಸ್ಬೇಕು, ನೀವೇ ಹೇಳಿ ಸ್ವಾಮಿ."

ಅಂದು ನಾವು ಬಹಳ ಹೊತ್ತು ಮಾತನಾಡಿದೆವು.